ಭರಮಮ್ಮನವರಿಂದ, ಭರಮಮ್ಮನವರಿಗೆ

ಕೊಟ್ಟೂರಿನ ಕುರಿಹಟ್ಟಿ ಓಣಿಯ ಭರಮಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ವಿಭಕ್ತಿ ಪ್ರತ್ಯಯಗಳಲ್ಲಿ ಎರಡು ಅವಳಿಗೆ ಚೆನ್ನಾಗಿ ಗೊತ್ತಿದ್ದವು. ಒಂದು ‘ಇಂದ’, ಇನ್ನೊಂದು ‘ಗೆ’. ತೃತೀಯಾ, ಚತುರ್ಥೀ ಎಂಬ ಹೆಸರುಗಳನ್ನು ಅವಳು ಕೇಳಿರಲಿಲ್ಲ. ಆ ಪಾಠವನ್ನು ಅವಳಿಗೆ ಹೇಳಿಕೊಟ್ಟದ್ದು ಮದುವೆಮನೆಯ ಮೈಕು.

ಆ ಕಡೆಯ ಮದುವೆಗಳಲ್ಲಿ ಅಕ್ಕಿಕಾಳು ಬಿದ್ದ ಮೇಲೆ ಮುಯ್ಯಿ ಓದಿಸುತ್ತಾರೆ. ಬಂಧುಬಳಗದವರು ತಂದ ಕೊಡ, ತಂಬಿಗೆ, ಸೀರೆ, ಕಂಬಳಿಗಳನ್ನು ಒಪ್ಪಿಸುತ್ತಿದ್ದಂತೆ, ಯಾರಿಂದ ಯಾರಿಗೆ ಏನು ಬಂತು ಎಂಬುದನ್ನು ಊರಿಗೆಲ್ಲ ಕೇಳುವಂತೆ ಸಾರುವುದೇ ಓದಿಸುವುದು. ಹೀಗೆ ಕೊಟ್ಟದ್ದು, ಕೊಟ್ಟವರ ಮನೆಯಲ್ಲಿ ಕಾರ್ಯ ನಡೆದಾಗ ಹಿಂದಿರುಗಬೇಕು. ಹಿಂದಿರುಗುವಾಗ ಕೊಂಚ ಹೆಚ್ಚಾಗಿಯೇ ಇರಬೇಕು. ಸಾರುವ ಕೆಲಸ ವೀರಭದ್ರಯ್ಯನದು. ಮೈಕ್‌ಸೆಟ್ಟೂ ಅವನದೇ, ಗಂಟಲೂ ಅವನದೇ.

“ಕುರಿಹಟ್ಟಿ ಭರಮಮ್ಮನವರಿಂದಾ… ಮದುಮಗಳಿಗೇ… ಒಂದು ಹಿತ್ತಾಳಿ ಕೊಡಾ!”

ಈ ಕೂಗನ್ನು ಭರಮಮ್ಮ ಹಡಗಲಿಯಲ್ಲಿ ಕೇಳಿದ್ದಳು, ಹರಪನಹಳ್ಳಿಯಲ್ಲಿ ಕೇಳಿದ್ದಳು, ಕೂಡ್ಲಿಗಿಯ ಸುತ್ತಿನ ಹಳ್ಳಿಗಳಲ್ಲೆಲ್ಲ ಕೇಳಿದ್ದಳು. ಕರೆದ ಒಂದು ಮದುವೆಯನ್ನೂ ಅವಳು ತಪ್ಪಿಸಿದವಳಲ್ಲ. ಮುಂದಿನ ಸಾಲಿನಲ್ಲಿ ಕುಳಿತು, ತನ್ನ ಹೆಸರು ಗಾಳಿಯಲ್ಲಿ ತೇಲಿಹೋಗುವುದನ್ನು ಕಣ್ಣು ಮುಚ್ಚಿ ಆಲಿಸಿ, ಆಮೇಲೆ ಊಟಕ್ಕೆ ಏಳುವಳು. ಆದರೆ ಅಷ್ಟು ವರ್ಷಗಳಲ್ಲಿ ಅವಳ ಹೆಸರು ‘ಇಂದ’ವನ್ನು ದಾಟಿ ‘ಗೆ’ಯ ಹೊಸ್ತಿಲು ತುಳಿದಿರಲಿಲ್ಲ. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಅವಳಿಗೆ ಮಕ್ಕಳಾಗಲಿಲ್ಲ, ಗಂಡ ಹಾಲಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅವಳು ಮತ್ತು ಕುರಿಗಳು. ಮದುವೆಯೋ ತೊಟ್ಟಿಲೋ ಇಲ್ಲದ ಮನೆಗೆ ಮುಯ್ಯಿ ಯಾವ ದಾರಿಯಿಂದ ಬರಬೇಕು? ಸಂತೆಯಲ್ಲಿ ಸಿಕ್ಕವರು, “ನಿಮ್ಮ ಮನ್ಯಾಗ ಒಂದು ಕಾರ್ಯ ಆಗಲಿ ಭರಮವ್ವ, ಆವಾಗ ನೋಡೀಯಂತಿ” ಎಂದು ಬಾಯಿತಪ್ಪಿ ಅಂದುಬಿಟ್ಟು, ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಅವಳು ನಕ್ಕು ಮೆಣಸಿನಕಾಯಿಯ ದರ ಕೇಳುತ್ತಿದ್ದಳು.

ಹೀಗಿರುವಾಗ, ೧೯೯೮ರ ಚಳಿಗಾಲದ ಒಂದು ಬೆಳಿಗ್ಗೆ, ಕಲ್ಯಾಣಮಂಟಪದ ಕಡೆಯಿಂದ ವೀರಭದ್ರಯ್ಯನ “ಹಲೋ, ಹಲೋ, ಮೈಕ್ ಟೆಸ್ಟಿಂಗ್” ಕೇಳಿಸಿತು. ಭರಮಮ್ಮ ಬೆಚ್ಚಿದಳು. ಇಂದು ಯಾರದೋ ಮದುವೆ. ಕರೆ ಬಂದದ್ದನ್ನು ತಾನು ಮರೆತಿರಬೇಕು! ಕುರಿಗಳ ನಡುವಿನಿಂದ ಎದ್ದು ಬಂದವಳಿಗೆ ಸೀರೆ ಬದಲಿಸಲೂ ಹೊತ್ತು ಸಾಲಲಿಲ್ಲ. ಇಂಥ ಆಪತ್ತಿಗೆಂದೇ ಅಟ್ಟದ ಮೇಲಿಟ್ಟಿದ್ದ ಒಂದು ಹೊಸ ಸ್ಟೀಲಿನ ಬೋಗುಣಿಯನ್ನು ಎತ್ತಿಕೊಂಡು ಓಡಿದಳು.

ಅಂದು ಅಲ್ಲಿ ಇದ್ದದ್ದು ಮದುವೆಯಲ್ಲ, ವನಿತಾ ಸೇವಾ ಕ್ಲಬ್ಬಿನ ವಾರ್ಷಿಕೋತ್ಸವ. ದಲಾಲಿ ಅಂಗಡಿಯ ಮನೆತನದ ನಾಗಲಿಂಗಮ್ಮನವರು ಕ್ಲಬ್ಬಿನ ಅಧ್ಯಕ್ಷೆ. ಆ ವರ್ಷ ಬಡ ವೃದ್ಧೆಯರಿಗೆ ರಗ್ಗು, ಸೀರೆ ಹಂಚುವುದೆಂದು ತೀರ್ಮಾನವಾಗಿತ್ತು. ಬಾಗಿಲಲ್ಲಿ ನಿಂತ ಸದಸ್ಯೆಯರ ಕಣ್ಣಿಗೆ ಬಿದ್ದದ್ದು, ಮಾಸಿದ ಸೀರೆಯುಟ್ಟು ಖಾಲಿ ಬೋಗುಣಿ ಹಿಡಿದು ಏದುಸಿರು ಬಿಡುತ್ತ ಬಂದ ಒಬ್ಬ ಮುದುಕಿ.

“ಅಯ್ಯೋ ಪಾಪ, ಹಸಕಂಡು ಬಂದೈತಿ ಜೀವ” ಎಂದು ಒಬ್ಬಾಕೆ ಬೋಗುಣಿಯನ್ನು ಇಸಿದುಕೊಂಡು ಅದರ ತುಂಬ ಉಪ್ಪಿಟ್ಟು ಹಾಕಿ ಕೈಗೆ ಕೊಟ್ಟಳು.

ಮುಯ್ಯಿಯ ಪಾತ್ರೆಯಲ್ಲೇ ಊಟ ಬಡಿಸುವ ಪದ್ಧತಿಯನ್ನು ಭರಮಮ್ಮ ಎಲ್ಲಿಯೂ ಕಂಡಿರಲಿಲ್ಲ. ದೊಡ್ಡ ಮಂದಿ, ಏನೋ ಹೊಸ ರೂಢಿ ಎಂದುಕೊಂಡಳು. ಮದುಮಗಳು ಎಲ್ಲಿ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವಳನ್ನು ಕರೆದೊಯ್ದು ವೇದಿಕೆಯ ಪಕ್ಕದ ಸಾಲಿನಲ್ಲಿ ಕುಳ್ಳಿರಿಸಿ ಹೆಸರು ಕೇಳಿಕೊಂಡರು. ಉಪ್ಪಿಟ್ಟಿನ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕಾದಳು.

ಮೈಕು ಹಿಡಿದ ವೀರಭದ್ರಯ್ಯನಿಗೆ ಬರುತ್ತಿದ್ದದ್ದು ಒಂದೇ ರಾಗ.

“ವನಿತಾ ಕ್ಲಬ್ಬಿನ ನಾಗಲಿಂಗಮ್ಮನವರಿಂದಾ… ಕುರಿಹಟ್ಟಿ ಭರಮಮ್ಮನವರಿಗೇ… ಒಂದು ರಗ್ಗಾ! ಒಂದು ಸೀರೀ!”

ಭರಮಮ್ಮನ ಕಿವಿ ಗುಂಯ್ ಎಂದಿತು. ಅವಳು ಏಳಲೇ ಇಲ್ಲ. ವೀರಭದ್ರಯ್ಯ ಇನ್ನೊಮ್ಮೆ ಕೂಗಿದ. ಅವಳಿಗೆ ಬೇಕಾಗಿದ್ದದ್ದೂ ಅದೇ. ಎರಡನೆಯ ಬಾರಿಯೂ ‘ಗೆ’ ಎಂದೇ ಕೇಳಿಸಿದ ಮೇಲೆ ಎದ್ದು, ಸೆರಗು ಒಡ್ಡಿ ಮುಯ್ಯಿಯನ್ನು ಪಡೆದು, ನಾಗಲಿಂಗಮ್ಮನವರ ಗದ್ದ ಹಿಡಿದು ದೃಷ್ಟಿ ತೆಗೆದು ಲಟಿಗೆ ಮುರಿದಳು. ಫೋಟೊ ತೆಗೆಯುವವನು ಗಾಬರಿಯಾಗಿ ಎರಡು ಬಾರಿ ಫ್ಲ್ಯಾಶ್ ಹೊಡೆದ.

ಮನೆಗೆ ಬಂದು ರಗ್ಗನ್ನು ಬಿಡಿಸಿ ನೋಡಿದಳು. ಗಿರಣಿಯ ರಗ್ಗು, ತೆಳ್ಳಗಿತ್ತು. ಕಂಬಳಿಯಲ್ಲೇ ಹುಟ್ಟಿ ಬೆಳೆದವಳಿಗೆ ಅದು ಹೊದಿಕೆ ಎನ್ನಿಸಲಿಲ್ಲ. ಅದನ್ನು ಪಡಸಾಲೆಯಲ್ಲಿ ಹಗ್ಗಕ್ಕೆ ನೇತುಹಾಕಿ, ಬಂದವರೆಲ್ಲರಿಗೂ ತೋರಿಸಿದಳು. “ಇದು ನನಗ ಬಂದ ಮುಯ್ಯಿ. ಕಲಬಿನೋರು ಓದಿಸ್ಯಾರ.” ನಿಮ್ಮ ಮನೆಯಲ್ಲಿ ಯಾವ ಕಾರ್ಯವಾಯಿತೆಂದು ಯಾರಾದರೂ ಕೇಳಿಬಿಟ್ಟಾರೆಂಬ ಅಳುಕು ಅವಳ ಒಳಗೆ ಇದ್ದೇ ಇತ್ತು. ಯಾರೂ ಕೇಳಲಿಲ್ಲ.

ಮುಯ್ಯಿ ಬಂದ ಮೇಲೆ ತೀರಿಸಬೇಕಲ್ಲ. ಮರುವರ್ಷ ಶಾಲೆ ತೆರೆಯುವ ಹೊತ್ತಿಗೆ ಕ್ಲಬ್ಬಿನವರು ಹಗರಿಬೊಮ್ಮನಹಳ್ಳಿಯಲ್ಲಿ ಬಡ ಮಕ್ಕಳಿಗೆ ಪಾಟಿಚೀಲ ಹಂಚಿದರು. ವೀರಭದ್ರಯ್ಯನ ಮೈಕ್‌ಸೆಟ್ಟು ಬಸ್ಸಿನ ಮೇಲೇರುವುದನ್ನು ಕಂಡು, ಭರಮಮ್ಮ ಅದೇ ಬಸ್ಸಿನ ಒಳಗೆ ಏರಿದಳು. ಬಗಲಲ್ಲಿ ಅಪ್ಪಟ ಕರಿಯುಣ್ಣೆಯ ಕಂಬಳಿ. ಮಕ್ಕಳ ಸಾಲು ಮುಗಿದದ್ದೇ ತಡ, ಅವಳು ವೇದಿಕೆಯೇರಿದಳು.

“ಓದ್ರಿ ಅಯ್ನಾರ.”

“ಏನ್ ಓದ್ಲಿಬೇ? ಇದು ಮದುವಿ ಅಲ್ಲ.”

“ಮದುವಿ ಅಲ್ಲಂದ್ರ ಮೈಕು ಯಾಕ ತಂದೀರಿ? ಓದ್ರಿ ಅಂದ್ರ ಓದ್ರಿ.”

ಮುಯ್ಯಿ ಹಿಡಿದು ನಿಂತವರನ್ನು ಕಂಡರೆ ವೀರಭದ್ರಯ್ಯನ ಗಂಟಲು ತಾನಾಗಿಯೇ ತೆರೆದುಕೊಳ್ಳುತ್ತಿತ್ತು. “ಕುರಿಹಟ್ಟಿ ಭರಮಮ್ಮನವರಿಂದಾ… ವನಿತಾ ಕ್ಲಬ್ಬಿನ ನಾಗಲಿಂಗಮ್ಮನವರಿಗೇ… ಒಂದು ಕರೀ ಕಂಬಳೀ!” ಎಂದು ಕೂಗಿಯೇಬಿಟ್ಟ. ಮುಖ್ಯ ಅತಿಥಿಯಾಗಿ ಬಂದಿದ್ದ, ಕ್ಲಬ್ಬುಗಳ ಒಕ್ಕೂಟದ ಹಿರಿಯ ಹೆಂಗಸೊಬ್ಬರು ಇದನ್ನು ಕಂಡು ಕಣ್ಣೀರು ಒರೆಸಿಕೊಂಡರು. ಇಂಥ ಕೃತಜ್ಞತೆಯನ್ನು ತಾವು ಎಲ್ಲೂ ಕಂಡಿಲ್ಲವೆಂದೂ, ಇಂಥ ಮಹಿಳೆಯನ್ನು ಸ್ವಾವಲಂಬಿಯನ್ನಾಗಿ ಮಾಡಲೇಬೇಕೆಂದೂ ಭಾಷಣ ಮಾಡಿ, ಒಕ್ಕೂಟದಿಂದ ಅವಳಿಗೆ ಒಂದು ಹೊಲಿಗೆ ಯಂತ್ರವನ್ನು ಘೋಷಿಸಿದರು. ತಿಂಗಳೊಪ್ಪತ್ತಿನಲ್ಲಿ ಯಂತ್ರ ಮನೆಗೆ ಬಂತು. ವೀರಭದ್ರಯ್ಯ ಓಣಿಯಲ್ಲಿ ನಿಂತು ಅದನ್ನೂ ‘ಭರಮಮ್ಮನವರಿಗೇ’ ಎಂದು ಓದಿದ.

ಭರಮಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಕಂಬಳಿಗೆ ಪ್ರತಿಯಾಗಿ ಕಬ್ಬಿಣದ ಯಂತ್ರ! ಈ ನಾಗಲಿಂಗಮ್ಮ ಬಲು ಜಿದ್ದಿನ ಹೆಣ್ಣು. ಯಂತ್ರವನ್ನು ದೇವರ ಮಾಡದ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿ, ಇದಕ್ಕಿಂತ ಹೆಚ್ಚಿನದು ಏನಿದೆಯೆಂದು ಹಟ್ಟಿಯೊಳಗೆ ಕಣ್ಣಾಡಿಸಿದಳು.

ದಸರೆ ಕಳೆದ ಮೇಲೆ ಹಂಪಸಾಗರದಲ್ಲಿ ಕ್ಲಬ್ಬಿನ ಉಚಿತ ನೇತ್ರ ತಪಾಸಣಾ ಶಿಬಿರ. ಭರಮಮ್ಮ ಒಂದು ಗಬ್ಬದ ಕುರಿಯೊಡನೆ ಬಂದಿಳಿದಳು. ಚೊಚ್ಚಲು ಗಬ್ಬ, ತುಂಬು ಮೈಯ ಕುರಿ. ಬಸ್ಸಿನಲ್ಲಿ ಕಂಡಕ್ಟರ್ ಕುರಿಗೂ ಟಿಕೆಟ್ಟು ಹರಿದಿದ್ದ. “ಹೊಟ್ಯಾಗ ಇರೋದಕ್ಕೂ ಅರ್ಧ ಟಿಕೀಟು ಹಾಕ್ತಿಯೇನಪ್ಪ?” ಎಂದು ಅವಳು ಕೇಳಿ ಬಸ್ಸಿನವರನ್ನೆಲ್ಲ ನಗಿಸಿದ್ದಳು. ಕುರಿ ವೇದಿಕೆಯೇರಿತು. ವೀರಭದ್ರಯ್ಯ ಈ ಬಾರಿ ವಾದಿಸಲಿಲ್ಲ, ಓದಿದ. ಅವನು ‘ನಾಗಲಿಂಗಮ್ಮನವರಿಗೇ’ ಎಂದು ರಾಗ ಎಳೆಯುವಷ್ಟರಲ್ಲಿ ಕುರಿಯು ಅತಿಥಿಗಳಿಗೆಂದು ತಂದಿದ್ದ ಹಾರಗಳಲ್ಲಿ ಒಂದನ್ನು ಪೂರ್ತಿ ತಿಂದು, ಕಣ್ಣಿನ ಡಾಕ್ಟರರು ಗೋಡೆಗೆ ತೂಗುಹಾಕಿದ್ದ ಅಕ್ಷರಗಳ ಹಾಳೆಯ ಕೆಳಗಿನ ಸಾಲನ್ನು ಹರಿದುಕೊಂಡಿತ್ತು. ಸಣ್ಣ ಅಕ್ಷರಗಳಿದ್ದ ಸಾಲೇ ಅದು. ಹೀಗಾಗಿ ಅಂದು ಹಂಪಸಾಗರದಲ್ಲಿ ಎಲ್ಲರ ದೃಷ್ಟಿಯೂ ಚೆನ್ನಾಗಿದೆಯೆಂದು ತೀರ್ಮಾನವಾಯಿತು ಎಂದು ಜನ ಆಡಿಕೊಂಡರು.

ಕುರಿ ನಾಗಲಿಂಗಮ್ಮನವರ ಕಾಂಪೌಂಡು ಸೇರಿತು. ಕ್ಲಬ್ಬಿನ ಆಸ್ತಿಯಾದ್ದರಿಂದ ಮಾರುವಂತಿಲ್ಲ, ಕೊಯ್ಯುವ ಮಾತಂತೂ ಆ ಮನೆಯಲ್ಲಿ ಎತ್ತುವಂತೆಯೇ ಇಲ್ಲ. ಅದು ಅವರ ಸೇವಂತಿಗೆಯ ಪಾತಿಯನ್ನು ಒಂದು ತುದಿಯಿಂದ ಮೇಯುತ್ತ ಬಂತು. ದಾನ ಕೊಡಲು ಹೋದ ಕ್ಲಬ್ಬಿಗೆ ಕುರಿಹಿಂಡು ಬೆಳೆಯುತ್ತಿದೆಯೆಂದು ಊರಿನಲ್ಲಿ ನಗೆಯೆದ್ದಿತು.

ಮಾರ್ಗಶಿರ ಮಾಸದ ಒಂದು ಮಧ್ಯಾಹ್ನ ನಾಗಲಿಂಗಮ್ಮನವರು ವೀರಭದ್ರಯ್ಯನನ್ನು ಜೊತೆಗೆ ಕರೆದುಕೊಂಡು ಭರಮಮ್ಮನ ಮನೆಗೆ ಬಂದರು. ಭರಮಮ್ಮ ಕಂಬಳಿ ಹಾಸಿದಳು, ಮಂಡಕ್ಕಿ ಒಗ್ಗರಣೆ ಮಾಡಿದಳು, ಪಕ್ಕದ ಮನೆಯಿಂದ ಹಾಲು ತಂದು ಚಹ ಕಾಸಿದಳು. ನಾಗಲಿಂಗಮ್ಮನವರ ಕಣ್ಣು ಹಗ್ಗದ ಮೇಲಿನ ರಗ್ಗಿನಿಂದ ಕುಂಕುಮ ಹಚ್ಚಿದ ಯಂತ್ರದ ಕಡೆಗೆ ಹೊರಳಿತು.

“ಯಂತ್ರ ಹೊಲಿಯಾಕ ಕೊಟ್ಟಿದ್ದು ಭರಮವ್ವ. ಪೂಜಿ ಮಾಡಾಕಲ್ಲ.”

“ಮುಯ್ಯಿ ಬಂದಿದ್ದನ್ನ ಬಳಸಿ ಮುಕ್ಕು ಮಾಡ್ತಾರೇನ್ರಿ ಅಮ್ಮಾರ?”

ನಾಗಲಿಂಗಮ್ಮನವರು ಲೋಟವನ್ನು ಕೆಳಗಿಟ್ಟರು. “ಅದಾ ನೋಡು ಹೇಳಾಕ ಬಂದಿದ್ದು. ನಾವು ಕೊಟ್ಟಿದ್ದು ಮುಯ್ಯಿ ಅಲ್ಲವ್ವ. ದಾನ. ಇಲ್ಲದೋರಿಗೆ ಕ್ಲಬ್ಬಿನಿಂದ ಕೊಡ್ತೀವಿ. ಅದನ್ನ ತಿರುಗಿ ಕೊಡಬಾರದು. ಕುರಿ ವಾಪಸ್ ಕಳಿಸ್ತೀನಿ, ಇಟ್ಕೋ.”

ಭರಮಮ್ಮ ವೀರಭದ್ರಯ್ಯನ ಕಡೆಗೆ ತಿರುಗಿದಳು. “ಹೌದೇನ್ರಿ ಅಯ್ನಾರ? ಅವತ್ತು ನೀವು ಓದಿದ್ದು ಮುಯ್ಯಿ ಅಲ್ಲೇನ್ರಿ?”

ವೀರಭದ್ರಯ್ಯ ಮಂಡಕ್ಕಿಯ ತಟ್ಟೆಯಲ್ಲಿ ಏನನ್ನೋ ಹುಡುಕತೊಡಗಿದ. “ನನಗೇನ್ ಗೊತ್ತವ್ವ. ಕೈಗೆ ಮೈಕು ಕೊಟ್ಟರ ನಾ ಹಂಗಾ ಓದಾದು.”

“ನಾ ಬೋಗುಣಿ ತಂದಿದ್ದು ಮುಯ್ಯಿ ಮಾಡಾಕ. ಉಪ್ಪಿಟ್ಟು ಬೇಡಾಕಲ್ಲ.”

ಈಗ ನಾಗಲಿಂಗಮ್ಮನವರ ಮುಖ ಕೆಂಪೇರಿತು. ಆದರೂ ಬಂದ ಕೆಲಸ ಬಿಡಲಾರದೆ, “ನೀನಾ ಹೇಳು, ಮನ್ಯಾಗ ಕಾರ್ಯ ಇಲ್ದಾಂಗ ಮುಯ್ಯಿ ಹೆಂಗ ಬರತೈತಿ?” ಎಂದರು.

ಒಂದು ವರ್ಷದಿಂದ ಅವಳು ಅಂಜುತ್ತಿದ್ದ ಪ್ರಶ್ನೆ ಅದೇ. ಕೊನೆಗೂ ಯಾರೋ ಕೇಳಿದರು, ಅದೂ ಕೊಟ್ಟವರೇ.

“ಕಾರ್ಯ ಇಲ್ಲ ಅಂತ ಇಷ್ಟು ವರ್ಷ ಯಾರೂ ಬರಲಿಲ್ರಿ. ಕೇಳ್ದಾಂಗ ನೀವರ ಬಂದ್ರಲ್ಲ ಅಂದ್ಕಂಡಿದ್ದೆ” ಎಂದು ಎದ್ದು, ಹಗ್ಗದಿಂದ ರಗ್ಗನ್ನು ಎಳೆದು, ನೀಟಾಗಿ ನಾಲ್ಕು ಮಡಿಕೆ ಮಾಡಿ ನಾಗಲಿಂಗಮ್ಮನವರ ತೊಡೆಯ ಮೇಲಿಟ್ಟಳು. “ಇಲ್ಲದೋರಿಗೆ ಕೊಡ್ರಿ ಇದನ್ನ. ನಮ್ಮ ಮನ್ಯಾಗ ಕಂಬಳಿ ಅದಾವು. ನಿಮ್ಮ ಮಗಳ ಮದುವ್ಯಾಗ ಓದಿಸಿದ್ದೂ ನಾನಾ, ನೆಪ್ಪೈತೋ ಇಲ್ಲೋ. ಹಿತ್ತಾಳಿ ಕೊಡ.”

ನಾಗಲಿಂಗಮ್ಮನವರು ರಗ್ಗು ಹಿಡಿದುಕೊಂಡು ಎದ್ದು ಹೋದರು. ಚಹ ಅರ್ಧ ಉಳಿದಿತ್ತು. ಖಾಲಿಯಾದ ಹಗ್ಗದ ಕೆಳಗೆ ಭರಮಮ್ಮ ಒಬ್ಬಳೇ ಕುಳಿತಳು. ಮೈಕಿನಲ್ಲಿ ಕೇಳಿದ ‘ಗೆ’ ಮುಯ್ಯಿಯದಲ್ಲ, ಭಿಕ್ಷೆಯದು ಎಂದು ತಿಳಿದ ಮೇಲೆ ಅವಳಿಗೆ ಆ ರಾಗವನ್ನೇ ನೆನೆಸಿಕೊಳ್ಳುವುದು ಬೇಡವಾಯಿತು. ಆ ವಾರ ಕೂಡ್ಲಿಗಿಯಲ್ಲಿ ಒಂದು ಮದುವೆಯಿತ್ತು. ಅವಳು ಹೋಗಲಿಲ್ಲ. ಭರಮಮ್ಮ ಬಾರದ ಮದುವೆಯೆಂದು ಅಲ್ಲಿ ಜನ ಅವಳ ಆರೋಗ್ಯ ವಿಚಾರಿಸಿದರಂತೆ.

ಮದುವೆಯ ಮರುದಿನ ಬೆಳಿಗ್ಗೆ ಹೊಸ್ತಿಲಲ್ಲಿ ಗೆಜ್ಜೆಯ ಸದ್ದಾಯಿತು. ಹೊರಗೆ ಬಂದು ನೋಡಿದರೆ ಅವಳ ಕುರಿ! ಕೊರಳಿಗೆ, ಸೀಮಂತದಲ್ಲಿ ಬಸುರಿಗೆ ಕೊಡುವಂಥ ಹಸಿರು ಕುಬಸದ ಕಣ ಕಟ್ಟಿದೆ, ಹಣೆಗೆ ಅರಿಸಿನ ಕುಂಕುಮ. ಹಗ್ಗ ಹಿಡಿದವರು ಸ್ವತಃ ನಾಗಲಿಂಗಮ್ಮನವರು. ಅವರ ಇನ್ನೊಂದು ಬಗಲಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿ ಬಂಗಾರದಂತೆ ಬೆಳಗಿದ ಹಿತ್ತಾಳೆಯ ಕೊಡ.

“ಒಳಗ ಕರಿಯಂಗಿಲ್ಲೇನು? ಬಸುರಿನ್ನ ಬಾಗಲಾಗ ನಿಂದರಸಬಾರದು.”

ಭರಮಮ್ಮ ಪಕ್ಕಕ್ಕೆ ಸರಿದಳು. ಕುರಿ ತನ್ನ ಹಳೆಯ ಮೂಲೆಗೆ ಹೋಗಿ ನಿಂತಿತು.

“ನಿಮ್ಮ ಮನಿ ಹೆಣ್ಣುಮಗಳನ್ನ ನಮ್ಮ ಮನಿಗೆ ಕೊಟ್ಟೀರಿ” ಎಂದು ನಾಗಲಿಂಗಮ್ಮನವರು, ಕ್ಲಬ್ಬಿನ ಸಭೆಯಲ್ಲಿ ಠರಾವು ಓದುವಷ್ಟೇ ಗಂಭೀರವಾಗಿ ಹೇಳತೊಡಗಿದರು. “ಚೊಚ್ಚಲು. ಕುಬಸ ನಾವು ಮಾಡೀವಿ. ಹೆರಿಗಿ ತವರಾಗ ಆಗಬೇಕು. ತೊಟ್ಟಿಲ ಕಾರ್ಯ ತವರಿನೋರು ಮಾಡಬೇಕು. ಇದು ನಾ ಮಾಡಿದ ಕಾನೂನಲ್ಲ.”

ಭರಮಮ್ಮ ಬಾಯಿಗೆ ಸೆರಗು ಹಿಡಿದಳು. “ಅಮ್ಮಾರ, ನಿಮಗೇನು ಹುಚ್ಚು ಹಿಡಿದೈತೇನ್ರಿ? ಕುರಿಮರಿಗೆ ತೊಟ್ಟಿಲ ಕಾರ್ಯ ಅಂದ್ರ ಮಂದಿ ನಗ್ತಾರ.”

“ನಗಲಿ. ನಗಾಕ ಬಂದೋರು ಬರೇ ಕೈಲೆ ಬರ್ತಾರೇನು? ನಿನ್ನ ಕೊಡದ ನೀರು ಕುಡಕಂತ ನಿನ್ನನ್ನಾ ‘ಇಲ್ಲದೋರು’ ಅಂದೆ ನೋಡು, ಅದಕ್ಕಿಂತ ನಗಿಪಾಟಲು ಏನೈತಿ?” ಅವರು ಬಗಲಿನ ಕೊಡವನ್ನು ತಟ್ಟಿ, “ಇದನ್ನ ಅವತ್ತು ಓದಿಸ್ತೀನಿ. ಅಡಿಗಿ ಖರ್ಚು ನಿಂದು. ಕ್ಲಬ್ಬು ಒಂದು ಕಾಳೂ ಕೊಡಂಗಿಲ್ಲ. ನಾವು ಉಣ್ಣಾಕ ಬರ್ತೀವಿ” ಎಂದರು.

ಅದೊಂದು ಮಾತು ಭರಮಮ್ಮನನ್ನು ಗೆದ್ದಿತು.

ಮಾಘಮಾಸದಲ್ಲಿ ಕುರಿ ಒಂದು ಹೆಣ್ಣುಮರಿ ಹಾಕಿತು. ವೀರಭದ್ರಯ್ಯ ಆಟೋಕ್ಕೆ ಮೈಕು ಕಟ್ಟಿಕೊಂಡು ಸುತ್ತಲ ಊರುಗಳಲ್ಲಿ ಸಾರಿದ: “ಕುರಿಹಟ್ಟಿ ಭರಮಮ್ಮನವರ ಮನೆಯಲ್ಲಿ ಸೋಮವಾರ ತೊಟ್ಟಿಲ ಕಾರ್ಯ. ತಾವೆಲ್ಲರೂ ಬರಬೇಕು.” ಯಾರ ತೊಟ್ಟಿಲು ಎಂಬುದನ್ನು ಅವನು ಹೇಳಲಿಲ್ಲ. ಸುಳ್ಳಂತೂ ಹೇಳಲಿಲ್ಲ.

ಸೋಮವಾರ ಬೆಳಗಾಯಿತು. ಭರಮಮ್ಮ ಗೋದಿ ಹುಗ್ಗಿ, ಬದನೇಕಾಯಿ ಪಲ್ಯ ಮಾಡಿಸಿ, ಕಡಲೆ ಗುಗ್ಗರಿಯನ್ನು ಬುಟ್ಟಿಯ ತುಂಬ ಬೇಯಿಸಿಟ್ಟು, ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆಯುಟ್ಟು ಚಪ್ಪರದ ಕೆಳಗೆ ನಿಂತಳು. ಚಪ್ಪರ ಖಾಲಿ. ಬಿಸಿಲು ಏರಿತು. ಮೈಕಿನ ಮುಂದೆ ವೀರಭದ್ರಯ್ಯ ಆಕಳಿಸಿದ. ಕ್ಲಬ್ಬಿನ ಹೆಂಗಸರು ಬಂದು ಚಾಪೆಯ ಮೇಲೆ ಕುಳಿತು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಾ ಹೇಳಿದ್ನಿಲ್ಲೇನ್ರಿ ಅಮ್ಮಾರ. ನಗಾಕೂ ಯಾರೂ ಬರಲಿಲ್ಲ” ಎಂದಳು ಭರಮಮ್ಮ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಜಗಳದ ಸದ್ದು. ಚಿಗಟೇರಿಯ ಪಾಲಾಕ್ಷಪ್ಪ ಮತ್ತು ಅವನ ಅಕ್ಕ ಚೌಡಕ್ಕ ಕೂಗಾಡುತ್ತ ಬರುತ್ತಿದ್ದರು. ಭರಮಮ್ಮನ ಕುರಿಗಳಿಗೆ ಪಾಲಾಕ್ಷಪ್ಪನ ಟಗರೇ ಗತಿ ಎಂಬುದು ಎಲ್ಲರಿಗೂ ಗೊತ್ತಿತ್ತು.

“ಮರಿ ನಮ್ಮ ಟಗರಿಂದು ಹೌದಲ್ಲೋ?” ಎಂದು ಚೌಡಕ್ಕ ಚಪ್ಪರದೊಳಗೆ ಕಾಲಿಟ್ಟವಳೇ ಸೊಂಟದ ಮೇಲೆ ಕೈಯಿಟ್ಟಳು. “ಹಂಗಾರ ನಾನು ಸೋದರತ್ತಿ. ಕಿವ್ಯಾಗ ಹೆಸರು ಹೇಳಾಕಿ ನಾನು. ಸೋದರತ್ತಿಗೆ ಸೀರಿ ಉಡಸ್ತೀರೋ ಇಲ್ಲೋ, ಮೊದಲು ಹೇಳ್ರಿ!”

“ಟಗರು ನಂದಬೇ, ನಾನಲ್ಲ ಟಗರು!” ಎಂದು ಪಾಲಾಕ್ಷಪ್ಪ ಹಣೆ ಬಡಿದುಕೊಂಡ.

“ನನಗೇನೂ ಫರಕು ಕಾಣಲ್ಲಪ್ಪ.”

ಚಪ್ಪರ ನಕ್ಕಿತು. ಆ ನಗೆಯ ನಡುವೆ ಪಾಲಾಕ್ಷಪ್ಪ ಚೀಲದಿಂದ ಒಂದು ತಾಮ್ರದ ತಂಬಿಗೆ ತೆಗೆದು ವೀರಭದ್ರಯ್ಯನ ಮುಂದಿಟ್ಟು, “ನನ್ನ ಮದುವ್ಯಾಗ ಭರಮವ್ವ ಓದಿಸಿದ್ದು ತಂಬಗಿ. ಇದು ಅದಕ್ಕಿಂತ ಸ್ವಲ್ಪ ದೊಡ್ಡದೈತಿ, ಅಳತಿ ಹಿಡಿದು ತಂದೀನಿ. ಓದ್ರಿ ಅಯ್ನಾರ” ಎಂದ.

ವೀರಭದ್ರಯ್ಯ ಗಂಟಲು ಸರಿಮಾಡಿಕೊಂಡ. “ಚಿಗಟೇರಿ ಪಾಲಾಕ್ಷಪ್ಪನವರಿಂದಾ… ಕುರಿಹಟ್ಟಿ ಭರಮಮ್ಮನವರಿಗೇ…”

ಹರಪನಹಳ್ಳಿಯ ಬಸ್ಸು ಬಂದದ್ದು ಆಮೇಲೆ. ಹಡಗಲಿಯದು ತಡವಾಗಿತ್ತು, ಅಷ್ಟೇ. ಕೊಡಗಳು ಒಂದಕ್ಕೊಂದು ಬಡಿಯುವ ಸದ್ದು ಓಣಿಯ ಆ ತುದಿಯಿಂದ ಈ ತುದಿಯವರೆಗೆ ಬಂತು. ತೊಟ್ಟಿಲಲ್ಲಿ ಕುರಿಮರಿಯಿದೆಯೆಂದು ಕಂಡವರು ಒಂದು ಗಳಿಗೆ ತಬ್ಬಿಬ್ಬಾದರು. ಹಿಂದಿನವರು ನೂಕಿದ್ದರಿಂದ ಮುಂದೆ ಸರಿದು, ಮರಿಯ ತಲೆಗೆ ಅಕ್ಕಿಕಾಳು ಹಾಕಿ, ಮುಯ್ಯಿಯ ಸಾಲಿನಲ್ಲಿ ನಿಂತರು. ಹಡಗಲಿಯ ಬಂಗಾರಪ್ಪನೆಂಬ ಮುದುಕ, “ನಿನ್ನ ಮನಿ ಕಾರ್ಯ ಎಂದಾಗತೈತೋ ಅಂತ ಕಾದು ಕಾದು ನನ್ನ ಮೊಣಕಾಲು ಹೋದವಲ್ಲಬೇ!” ಎಂದು ಬೈಯುತ್ತಲೇ ಹಂಡೆಯೊಂದನ್ನು ಇಳಿಸಿದ. ಕೊನೆಗೆ ನಾಗಲಿಂಗಮ್ಮನವರು ಬೆಳಗಿದ ಹಿತ್ತಾಳೆಯ ಕೊಡದ ಜೊತೆಗೆ ಅದೇ ರಗ್ಗನ್ನೂ ತಂದಿಟ್ಟರು. ವೀರಭದ್ರಯ್ಯ ಓದಿದ. ಈ ಬಾರಿ ‘ಗೆ’ ಎಂಬಲ್ಲಿ ಅವನ ದನಿ ಎಷ್ಟು ಉದ್ದವಾಯಿತೆಂದರೆ ತೊಟ್ಟಿಲಲ್ಲಿದ್ದ ಮರಿ ಅದಕ್ಕೆ ‘ಬ್ಯಾ’ ಎಂದು ಉತ್ತರ ಕೊಟ್ಟಿತು.

ಮರಿಗೆ ಚೌಡಕ್ಕ ಕಿವಿಯಲ್ಲಿ ‘ಕುರ್ರ್’ ಎಂದು ಕೂಗಿ ಸೇವಂತಿಯೆಂದು ಹೆಸರಿಟ್ಟಳು. ತಾಯಿ ತಿಂದ ಹೂವಿನ ಹೆಸರು ಅದೆಂದು ನಾಗಲಿಂಗಮ್ಮನವರೇ ಸೂಚಿಸಿದ್ದರು. ಚೌಡಕ್ಕ ಸೀರೆ ಗಿಟ್ಟಿಸಿಕೊಂಡೇ ಹೋದಳು. ಕ್ಲಬ್ಬಿನವರು ಭರಮಮ್ಮನಿಗೆ ಮೊದಲ ವರ್ಷ ಕೊಟ್ಟ ಸೀರೆಯೇ ಅದು.

ಭರಮಮ್ಮ ಚಪ್ಪರದ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕುಳಿತೇ ಇದ್ದಳು. ವೀರಭದ್ರಯ್ಯನ ಗಂಟಲು ಕಟ್ಟಿ, ಮೈಕು ಕೂಡ ಗೊರಗೊರ ಅನ್ನತೊಡಗಿದ ಮೇಲೆ ಕಣ್ಣು ತೆರೆದು ನೋಡಿದಳು. ಪಡಸಾಲೆ, ಅಟ್ಟ, ಕುರಿಹಟ್ಟಿ, ಎಲ್ಲೆಲ್ಲೂ ಕೊಡ, ಹಂಡೆ, ತಂಬಿಗೆ.

“ಸಮಾಧಾನ ಆತೇನವ್ವ?” ಎಂದು ನಾಗಲಿಂಗಮ್ಮನವರು ಹುಗ್ಗಿಯ ಎಲೆಯ ಮುಂದಿನಿಂದ ಕೇಳಿದರು.

“ಎಲ್ಲಿ ಸಮಾಧಾನ್ರಿ ಅಮ್ಮಾರ! ಇಷ್ಟು ಮಂದಿದು ತಿರುಗಿ ಮುಟ್ಟಿಸಬೇಕಲ್ಲ. ಇನ್ನ ಸಾಯಾಕೂ ಪುರುಸೊತ್ತಿಲ್ಲ” ಎಂದು ಭರಮಮ್ಮ ಎದ್ದು, ಮುಂದಿನ ಮದುವೆ ಯಾವ ಊರಿನದೆಂದು ವೀರಭದ್ರಯ್ಯನನ್ನು ಕೇಳಿದಳು. ಅವನಿಗೆ ದನಿ ಹೊರಡಲಿಲ್ಲ. ಕೈಸನ್ನೆಯಿಂದ ಹರಪನಹಳ್ಳಿಯ ದಿಕ್ಕು ತೋರಿಸಿದ.